ಸೊರಗಿದ ಮಕ್ಕಳು ನೂರಕ್ಕೆ 19 ಮಂದಿಯೋ, 6 ಮಂದಿಯೋ?

ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರ ಪ್ರಮಾಣ ದೇಶದಲ್ಲಿ ಶೇ 19.3 ಎಂದು 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಗನವಾಡಿ ಕಾರ್ಯಕರ್ತೆಯರು ತಿಂಗಳು ತಿಂಗಳೂ ಮೊಬೈಲ್‌ನಲ್ಲಿ ದಾಖಲಿಸುವ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನ 2023ರ ಡಿಸೆಂಬರ್ ಲೆಕ್ಕದಲ್ಲಿ ಅದೇ ಪ್ರಮಾಣ ಶೇ 6. ಮೊದಲನೆಯದು ಕೇಂದ್ರ ಆರೋಗ್ಯ ಸಚಿವಾಲಯದ ಸಮೀಕ್ಷೆ, ಎರಡನೆಯದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ದಾಖಲೆ. 2023ರ ಅಕ್ಟೋಬರ್‌ನಲ್ಲಿ ಜಾಗತಿಕ ಹಸಿವು ಸೂಚ್ಯಂಕದಲ್ಲಿ 125 ದೇಶಗಳ ಪೈಕಿ ಭಾರತಕ್ಕೆ 111ನೇ ಸ್ಥಾನ ಸಿಕ್ಕಾಗ ಈ ಎರಡು ಲೆಕ್ಕಗಳ ನಡುವಿನ ಅಂತರ ಬಹಿರಂಗವಾಗಿಯೇ ವಿವಾದವಾಯಿತು. ಸೂಚ್ಯಂಕ ರೂಪಿಸಿದವರು ಶೇ 18.7 ಎಂಬ ಅಂಕಿಯನ್ನು ಬಳಸಿದ್ದರೆ, ತನ್ನ ಆ್ಯಪ್‌ನ ದಾಖಲೆಯಲ್ಲಿ ಆ ಪ್ರಮಾಣ ಪ್ರತಿ ತಿಂಗಳೂ ಶೇ 7.2ಕ್ಕಿಂತ ಕೆಳಗೇ ಇದೆ ಎಂದು ಸಚಿವಾಲಯ ಆಕ್ಷೇಪಿಸಿತು.

ಒಂದು ವಾರ ಒಂದು ಅಂಕಿಯನ್ನೂ ಮುಂದಿನ ವಾರ ಇನ್ನೊಂದು ಅಂಕಿಯನ್ನೂ ಓದುವ ರಾಯಚೂರು, ಕೊಪ್ಪಳ, ಬಳ್ಳಾರಿಯ ಓದುಗರಿಗೆ ಇದರಲ್ಲಿ ಯಾವುದನ್ನು ನಂಬಬೇಕು ಎಂಬ ಗೊಂದಲ ಸಹಜ. ಮಕ್ಕಳ ಸ್ಥಿತಿ ನಿಜವಾಗಿಯೂ ಅಷ್ಟು ಬೇಗ ಸುಧಾರಿಸಿರಬಹುದು; ಎರಡರಲ್ಲಿ ಒಂದು ಲೆಕ್ಕ ತಪ್ಪಿರಬಹುದು; ಅಥವಾ ಎರಡೂ ಬೇರೆ ಬೇರೆ ಮಕ್ಕಳನ್ನು ಬೇರೆ ಬೇರೆ ಉದ್ದೇಶಕ್ಕೆ ಅಳೆಯುತ್ತಿರಬಹುದು. ಇವುಗಳಲ್ಲಿ ಯಾವುದು ಎಷ್ಟು ನಿಜ ಎಂದು ತಿಳಿಯಬೇಕಾದರೆ ಮನೆಮನೆ ಸಮೀಕ್ಷೆ ಹೇಗೆ ನಡೆಯುತ್ತದೆ, ಅಂಗನವಾಡಿಯ ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಕಲ್ಯಾಣ ಕರ್ನಾಟಕಕ್ಕೆ ಇದು ಹಣ, ಹುದ್ದೆ ಮತ್ತು ಊಟದ ಪ್ರಶ್ನೆಯೂ ಆಗಿದೆ.

ಸಮೀಕ್ಷೆ ಬೆಳೆದು ಬಂದ ದಾರಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲು ನಡೆದದ್ದು 1992–93ರಲ್ಲಿ. ಆಮೇಲೆ 1998–99, 2005–06, 2015–16 ಮತ್ತು 2019–21ರಲ್ಲಿ ಸುತ್ತುಗಳು ನಡೆದವು. ಆರನೇ ಸುತ್ತಿನ ಕ್ಷೇತ್ರಕಾರ್ಯ 2023–24ರದ್ದು. ಆರೋಗ್ಯ ಸಚಿವಾಲಯದ ಪರವಾಗಿ ಇದರ ಹೊಣೆ ಹೊತ್ತಿರುವುದು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಮದುವೆಯ ವಯಸ್ಸು, ಹೆರಿಗೆ, ಲಸಿಕೆ, ಮಕ್ಕಳ ಎತ್ತರ ಮತ್ತು ತೂಕ, ಅಡುಗೆಯ ಉರುವಲು, ಶೌಚಾಲಯ, ಗಂಡನಿಂದ ಆಗುವ ಹಿಂಸೆ ಹೀಗೆ ಬೇರೆಲ್ಲೂ ಒಟ್ಟಾಗಿ ಸಿಗದ ವಿವರಗಳನ್ನು ಇದು ಒಂದೇ ಮನೆಯಲ್ಲಿ ಕುಳಿತು ಕೇಳುತ್ತದೆ.

ಮೊದಲ ಮೂರು ಸುತ್ತುಗಳಲ್ಲಿ ಅಂದಾಜು ಸಿಗುತ್ತಿದ್ದದ್ದು ರಾಜ್ಯಮಟ್ಟದಲ್ಲಿ ಮಾತ್ರ. ಅಂದರೆ ‘ಕರ್ನಾಟಕ’ ಎಂಬ ಒಂದೇ ಅಂಕಿಯೊಳಗೆ ಮಂಗಳೂರೂ ಇತ್ತು, ಮಾನ್ವಿಯೂ ಇತ್ತು. ದಕ್ಷಿಣದ ಜಿಲ್ಲೆಗಳ ಉತ್ತಮ ಸ್ಥಿತಿ ಈ ಕಡೆಯ ಜಿಲ್ಲೆಗಳ ಕೊರತೆಯನ್ನು ಸರಾಸರಿಯಲ್ಲಿ ಮುಚ್ಚಿಬಿಡುತ್ತಿತ್ತು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿಅಂಶ ಬಂದದ್ದು 2015–16ರ ನಾಲ್ಕನೇ ಸುತ್ತಿನಿಂದ. ಹಿಂದುಳಿದಿರುವಿಕೆಯ ಬಗ್ಗೆ ಅದುವರೆಗೆ ಭಾಷಣಗಳಲ್ಲಿ ಹೇಳುತ್ತಿದ್ದ ಮಾತನ್ನು ಕೊಪ್ಪಳದವರೂ ರಾಯಚೂರಿನವರೂ ರಾಜ್ಯದ ಸರಾಸರಿಯ ಪಕ್ಕದಲ್ಲಿಟ್ಟು ತೋರಿಸಲು ಸಾಧ್ಯವಾದದ್ದರಲ್ಲಿ ಈ ಬದಲಾವಣೆಯ ಪಾಲು ದೊಡ್ಡದು.

ಇಪ್ಪತ್ತೆರಡು ಮನೆಗಳು ಇಡೀ ಊರಿನ ಪರ ಮಾತಾಡುವುದು ಹೇಗೆ

ಐದನೇ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳ 6,36,699 ಮನೆಗಳನ್ನು ಭೇಟಿ ಮಾಡಲಾಯಿತು. ಕರ್ನಾಟಕದ ಪಾಲು 26 ಸಾವಿರಕ್ಕೂ ಹೆಚ್ಚು ಮನೆಗಳು. ರಾಜ್ಯದ ಆಗಿನ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ ಒಂಬತ್ತು ನೂರರ ಆಸುಪಾಸು. ಲಕ್ಷಾಂತರ ಕುಟುಂಬಗಳಿರುವ ಜಿಲ್ಲೆಯ ಬಗ್ಗೆ ಒಂಬತ್ತು ನೂರು ಮನೆ ಏನು ಹೇಳೀತು ಎಂಬ ಸಂದೇಹ ಎಲ್ಲರಿಗೂ ಬರುತ್ತದೆ.

ಅದಕ್ಕೆ ಉತ್ತರ ಮನೆಗಳ ಸಂಖ್ಯೆಗಿಂತ ಅವುಗಳನ್ನು ಆರಿಸುವ ರೀತಿಯಲ್ಲಿದೆ. ಮೊದಲ ಹಂತದಲ್ಲಿ ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನು ಮತ್ತು ನಗರದ ಗಣತಿ ಬ್ಲಾಕ್‌ಗಳನ್ನು ಆರಿಸುತ್ತಾರೆ. ಹೆಚ್ಚು ಜನರಿರುವ ಹಳ್ಳಿ ಆಯ್ಕೆಯಾಗುವ ಸಾಧ್ಯತೆಯೂ ಅದೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಎರಡನೇ ಹಂತದಲ್ಲಿ ಆಯ್ಕೆಯಾದ ಜಾಗದ ಎಲ್ಲ ಮನೆಗಳನ್ನೂ ಹೊಸದಾಗಿ ಪಟ್ಟಿ ಮಾಡಿ, ಅದರಿಂದ ನಿಗದಿತ ಅಂತರದಲ್ಲಿ 22 ಮನೆಗಳನ್ನು ತೆಗೆಯುತ್ತಾರೆ. ಯಾವ ಮನೆಗೆ ಹೋಗಬೇಕು ಎಂಬುದನ್ನು ಸಮೀಕ್ಷೆಗೆ ಬಂದವರಾಗಲಿ, ಊರಿನ ಮುಖಂಡರಾಗಲಿ ತೀರ್ಮಾನಿಸುವಂತಿಲ್ಲ. ಬಾಗಿಲು ಹಾಕಿದ್ದರೆ ಮತ್ತೆ ಬರಬೇಕೇ ಹೊರತು ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸುವಂತಿಲ್ಲ. ಅನುಕೂಲಕ್ಕೆ ಸಿಕ್ಕ ಸಾವಿರಾರು ಜನರಿಗಿಂತ ಹೀಗೆ ಆರಿಸಿದ ಕೆಲವೇ ಜನರು ಇಡೀ ಜಿಲ್ಲೆಯನ್ನು ಚೆನ್ನಾಗಿ ಪ್ರತಿನಿಧಿಸುತ್ತಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಾಗುವುದು ಪಾತ್ರೆಯನ್ನು ಚೆನ್ನಾಗಿ ಕಲಕಿದ್ದಾಗ ಮಾತ್ರ. ಸಮೀಕ್ಷೆಯಲ್ಲಿ ಆ ಕಲಕುವ ಕೆಲಸವನ್ನು ಈ ಎರಡು ಹಂತದ ಆಯ್ಕೆ ಮಾಡುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಒಂದು ಜಿಲ್ಲೆಯಲ್ಲಿ 300 ಮಕ್ಕಳನ್ನು ಅಳೆದು ಅವರಲ್ಲಿ ಶೇ 40ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ, ಅಂದರೆ ಅವರಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ ಎಂದು ಕಂಡುಬಂತು ಎಂದಿಟ್ಟುಕೊಳ್ಳೋಣ. ಗಣಿತದ ಪ್ರಕಾರ ನಿಜವಾದ ಪ್ರಮಾಣ ಹೆಚ್ಚುಕಡಿಮೆ 34ರಿಂದ 46ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಒಂದೇ ಹಳ್ಳಿಯ ಮಕ್ಕಳ ಸ್ಥಿತಿ ಒಂದೇ ತೆರನಾಗಿರುವ ಕಾರಣ ಈ ವ್ಯಾಪ್ತಿ ಇನ್ನಷ್ಟು ಹಿಗ್ಗುತ್ತದೆ. ಆದ್ದರಿಂದ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಜಿಲ್ಲೆಯ ಅಂಕಿ ಮೂರೋ ನಾಲ್ಕೋ ಅಂಶ ಇಳಿದರೆ ಅದನ್ನು ಸಾಧನೆ ಎನ್ನುವುದೂ, ಏರಿದರೆ ವೈಫಲ್ಯ ಎನ್ನುವುದೂ ಅವಸರದ ತೀರ್ಮಾನ. ರಾಜ್ಯಮಟ್ಟದಲ್ಲಿ ಅಳೆದ ಮಕ್ಕಳ ಸಂಖ್ಯೆ ಬಹಳ ಹೆಚ್ಚಿರುವುದರಿಂದ ಅಲ್ಲಿನ ಬದಲಾವಣೆಯನ್ನು ಹೆಚ್ಚು ಭರವಸೆಯಿಂದ ಓದಬಹುದು. ಕರ್ನಾಟಕದಲ್ಲಿ ಸೊರಗಿದ ಮಕ್ಕಳ ಪ್ರಮಾಣ ನಾಲ್ಕನೇ ಸುತ್ತಿನ ಶೇ 26.1ರಿಂದ ಐದನೇ ಸುತ್ತಿನಲ್ಲಿ ಶೇ 19.5ಕ್ಕೆ ಇಳಿದದ್ದು ಗಮನಾರ್ಹ. ಕುಂಠಿತ ಬೆಳವಣಿಗೆ 36.2ರಿಂದ 35.4ಕ್ಕೆ ಬಂದದ್ದನ್ನು ಬಹುತೇಕ ನಿಂತ ನೀರು ಎಂದೇ ತಿಳಿಯಬೇಕು.

ಅಂಗನವಾಡಿಯ ಲೆಕ್ಕ ಹುಟ್ಟುವ ಬಗೆ

2021ರಲ್ಲಿ ಆರಂಭವಾದ ಪೋಷಣ್ ಟ್ರ್ಯಾಕರ್, ಸಮೀಕ್ಷೆಯಂತೆ ಕೆಲವೇ ಮನೆಗಳ ಮಾದರಿಯನ್ನು ಆರಿಸುವುದಿಲ್ಲ. ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿದ ಪ್ರತಿ ಮಗುವಿನ ಎತ್ತರ ಮತ್ತು ತೂಕವನ್ನು ಕಾರ್ಯಕರ್ತೆ ಅಳೆದು ಆ್ಯಪ್‌ಗೆ ಹಾಕುತ್ತಾರೆ. 2023ರ ಡಿಸೆಂಬರ್‌ನಲ್ಲಿ ಹೀಗೆ ಅಳೆದ ಮಕ್ಕಳ ಸಂಖ್ಯೆ ಸುಮಾರು 7.44 ಕೋಟಿ. ಸರ್ಕಾರದ ವಾದದ ಬಲ ಇರುವುದೇ ಇಲ್ಲಿ: ಐದು ವರ್ಷಕ್ಕೊಮ್ಮೆ ಕೆಲವು ಲಕ್ಷ ಮನೆಗಳಿಗೆ ಹೋಗುವ ಸಮೀಕ್ಷೆಗಿಂತ ಪ್ರತಿ ತಿಂಗಳೂ ಕೋಟಿಗಟ್ಟಲೆ ಮಕ್ಕಳನ್ನು ಅಳೆಯುವ ದಾಖಲೆ ಹೆಚ್ಚು ವಿಶ್ವಾಸಾರ್ಹವಲ್ಲವೇ ಎಂದು ಅದು ಕೇಳುತ್ತದೆ. ಸಮೀಕ್ಷೆಯ ವರದಿ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಅಳೆದ ಮಗು ಶಾಲೆಗೆ ಸೇರಿರುತ್ತದೆ ಎಂಬ ಮಾತಿನಲ್ಲೂ ಹುರುಳಿದೆ.

ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಮೊದಲನೆಯದಾಗಿ, ಅಂಗನವಾಡಿಯ ದಾಖಲೆಯಲ್ಲಿ ಇಲ್ಲದ ಮಗು ಈ ಲೆಕ್ಕದಲ್ಲಿಯೂ ಇಲ್ಲ. ದೇವದುರ್ಗ, ಲಿಂಗಸುಗೂರು ಕಡೆಯ ದೊಡ್ಡಿಗಳಲ್ಲಿ, ತಾಂಡಾಗಳಲ್ಲಿ, ಊರಿಂದ ದೂರದ ಹೊಲಮನೆಗಳಲ್ಲಿ ಇರುವ ಮಗು ಕೇಂದ್ರಕ್ಕೆ ಬರುವುದು ಕಡಿಮೆ. ಅಪೌಷ್ಟಿಕತೆಯ ಅಪಾಯವೂ ಅಂಥ ಮಗುವಿಗೇ ಹೆಚ್ಚು.

ಎರಡನೆಯದು, ಅಳೆಯುವವರ ಪರಿಸ್ಥಿತಿ. ಸಮೀಕ್ಷೆಯಲ್ಲಿ ಅಳತೆಗೆಂದೇ ತರಬೇತಾದ ತಂಡ, ಒಂದೇ ಬಗೆಯ ತಕ್ಕಡಿ ಮತ್ತು ಮೇಲ್ವಿಚಾರಣೆ ಇರುತ್ತದೆ. ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೆ ಊಟ ಬಡಿಸಬೇಕು, ಪಾಠ ಹೇಳಬೇಕು, ಗರ್ಭಿಣಿ ಮತ್ತು ಬಾಣಂತಿಯರ ಲೆಕ್ಕ ಇಡಬೇಕು, ಮನೆಗೆ ಒಯ್ಯುವ ಆಹಾರ ವಿತರಿಸುವಾಗ ಮೊಬೈಲ್‌ನಲ್ಲಿ ಮುಖ ಗುರುತು ದಾಖಲಿಸಬೇಕು, ಮತಗಟ್ಟೆಯ ಕೆಲಸಕ್ಕೂ ಕರೆ ಬಂದರೆ ಹೋಗಬೇಕು. ಅದರ ನಡುವೆ ಅಳುವ ಮಗುವನ್ನು ನೇರವಾಗಿ ನಿಲ್ಲಿಸಿ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಓದುವುದು ಸುಲಭದ ಕೆಲಸವಲ್ಲ. ಗೌರವಧನದ ಮೇಲೆ ಇಷ್ಟು ಹೊರೆ ಹೊತ್ತಿರುವ ಮಹಿಳೆಯರನ್ನು ಈ ಚರ್ಚೆಯಲ್ಲಿ ಯಾರೂ ದೂಷಿಸಬಾರದು. ದೋಷವಿದ್ದರೆ ಅದು ವ್ಯವಸ್ಥೆಯದು.

ಮೂರನೆಯದು ಇನ್ನೂ ಸೂಕ್ಷ್ಮ. ಸಮೀಕ್ಷೆಯ ತಂಡಕ್ಕೆ ತೂಕದ ಅಂಕಿ ಎಷ್ಟು ಬಂದರೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಗನವಾಡಿಯ ಅಂಕಿ ಮಾತ್ರ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಜಿಲ್ಲೆಯ ಉಪನಿರ್ದೇಶಕರು ಹೀಗೆ ಮೇಲಕ್ಕೇರುತ್ತಾ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಪ್ರಗತಿಯ ಸಾಕ್ಷಿಯಾಗಿ ನಿಲ್ಲುತ್ತದೆ. ಒಂದು ಕೇಂದ್ರದಲ್ಲಿ ಸೊರಗಿದ ಮಕ್ಕಳು ಹೆಚ್ಚಿದ್ದಾರೆ ಎಂದರೆ ವಿವರಣೆ ಕೇಳುವುದು ಆ ಕೇಂದ್ರವನ್ನೇ. ತನ್ನ ಕೆಲಸವನ್ನು ತಾನೇ ಅಳೆದು ಒಪ್ಪಿಸಬೇಕಾದ ಕಡೆ, ಯಾರೂ ಬೇಕೆಂದು ಸುಳ್ಳು ಬರೆಯದಿದ್ದರೂ, ಗಡಿರೇಖೆಯ ಬಳಿಯಿರುವ ಮಗು ರೇಖೆಯ ಮೇಲಕ್ಕೆ ಸರಿಯುವ ಒಲವು ಇದ್ದೇ ಇರುತ್ತದೆ.

ತೂಕದಲ್ಲಿ ಸಿಗುವ ಸುಳಿವು

ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಶೇಷ ಎದ್ದು ಕಾಣುತ್ತದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಸಮೀಕ್ಷೆಯಲ್ಲಿ ಶೇ 35.5, ಆ್ಯಪ್‌ನಲ್ಲಿ ಶೇ 36. ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ವಯಸ್ಸಿಗೆ ತಕ್ಕ ತೂಕವಿಲ್ಲದವರು ಸಮೀಕ್ಷೆಯಲ್ಲಿ ಶೇ 32.1, ಆ್ಯಪ್‌ನಲ್ಲಿ ಶೇ 17. ಎತ್ತರಕ್ಕೆ ತಕ್ಕ ತೂಕವಿಲ್ಲದವರು 19.3 ಮತ್ತು 6.

ಆ್ಯಪ್‌ನಲ್ಲಿ ವಯಸ್ಸಿಗೆ ತಕ್ಕ ಎತ್ತರ ಮತ್ತು ವಯಸ್ಸಿಗೆ ತಕ್ಕ ತೂಕದ ಲೆಕ್ಕ ಆರು ವರ್ಷದವರೆಗಿನ ಮಕ್ಕಳದ್ದು, ಸಮೀಕ್ಷೆಯದು ಐದು ವರ್ಷದೊಳಗಿನವರದ್ದು. ಇದನ್ನು ಗಮನದಲ್ಲಿಟ್ಟುಕೊಂಡರೂ ವ್ಯತ್ಯಾಸದ ಸ್ವರೂಪ ವಿಚಿತ್ರವಾಗಿದೆ. ಎತ್ತರವನ್ನು ಆಧರಿಸಿದ ಅಂಕಿ ಹೊಂದುತ್ತದೆ, ತೂಕವನ್ನು ಆಧರಿಸಿದ ಎರಡೂ ಅಂಕಿಗಳು ದೂರ ಸರಿಯುತ್ತವೆ. ಕುಂಠಿತ ಬೆಳವಣಿಗೆ ವರ್ಷಗಟ್ಟಲೆ ಕಾಡಿದ ಕೊರತೆಯ ಗುರುತಾಗಿದ್ದು ನಿಧಾನವಾಗಿ ಬದಲಾಗುತ್ತದೆ. ತೂಕ ಕಾಯಿಲೆ, ಋತು, ಊಟದ ಜೊತೆ ಬೇಗ ಏರಿಳಿಯುತ್ತದೆ. ಆದ್ದರಿಂದ ಕೆಲವು ವರ್ಷಗಳಲ್ಲಿ ತೂಕ ಮಾತ್ರ ಸುಧಾರಿಸುವುದು ಅಸಾಧ್ಯವಲ್ಲ. ಆದರೆ ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ ದೇಶದಲ್ಲಿ ಸೊರಗಿದವರ ಪ್ರಮಾಣ 21ರಿಂದ 19.3ಕ್ಕೆ ಇಳಿಯಲು ನಾಲ್ಕೈದು ವರ್ಷ ಬೇಕಾಗಿದ್ದಾಗ, ಆಮೇಲಿನ ಎರಡು ಮೂರು ವರ್ಷಗಳಲ್ಲಿ, ಅದೂ ಕೋವಿಡ್‌ನಿಂದ ಅಂಗನವಾಡಿಗಳು ಮುಚ್ಚಿದ್ದ ಕಾಲವನ್ನು ದಾಟಿದ ಕೂಡಲೇ, ಅದು ಮೂರನೇ ಒಂದು ಭಾಗಕ್ಕೆ ಕುಸಿಯಿತು ಎಂಬುದನ್ನು ಒಪ್ಪುವುದು ಕಷ್ಟ. ಶೂನ್ಯಕ್ಕೆ ಹೊಂದಿಸದ ತಕ್ಕಡಿ, ಮೈಮೇಲಿನ ಬಟ್ಟೆ, ಕಳೆದ ತಿಂಗಳ ಅಂಕಿಗೆ ಸ್ವಲ್ಪ ಸೇರಿಸಿ ಬರೆಯುವ ಅಭ್ಯಾಸ, ಇವುಗಳಿಂದ ಅರ್ಧ ಕಿಲೋ ಹೆಚ್ಚಾದರೂ ರೇಖೆಯ ಕೆಳಗಿದ್ದ ಬಹಳಷ್ಟು ಮಕ್ಕಳು ಮೇಲೆ ಬಂದುಬಿಡುತ್ತಾರೆ. ಅಂತರದ ಬಹುಪಾಲು ತೂಕ ಮಾಡುವ ಮತ್ತು ಬರೆಯುವ ರೀತಿಯಲ್ಲಿ, ಉಳಿದದ್ದು ದಾಖಲೆಗೆ ಸಿಗದ ಮಕ್ಕಳಲ್ಲಿ ಇದೆ ಎಂದು ಊಹಿಸಲು ಇಷ್ಟು ಆಧಾರ ಸಾಕು ಎಂಬುದು ಈ ಲೇಖನದ ನಿಲುವು. ಅದನ್ನು ಖಚಿತಪಡಿಸಿಕೊಳ್ಳಬಹುದಾದ ಸರಳ ದಾರಿಯೂ ಇದೆ. ಅದನ್ನು ಕೊನೆಯಲ್ಲಿ ನೋಡೋಣ.

ಸಮೀಕ್ಷೆಯ ಮೇಲಿನ ಆಕ್ಷೇಪಗಳು

ಸಮೀಕ್ಷೆಯ ಪರ ಇಷ್ಟು ಹೇಳಿದ ಮೇಲೆ ಅದರ ಮೇಲಿರುವ ಆಕ್ಷೇಪಗಳನ್ನೂ ಪೂರ್ತಿಯಾಗಿ ಕೇಳಬೇಕು. 2023ರಲ್ಲಿ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಸದಸ್ಯೆ ಶಮಿಕಾ ರವಿ, ದೊಡ್ಡ ರಾಷ್ಟ್ರೀಯ ಸಮೀಕ್ಷೆಗಳು ಹಳೆಯ ಜನಗಣತಿಯ ಚೌಕಟ್ಟನ್ನು, ಅಂದರೆ ಹಳ್ಳಿ ಮತ್ತು ನಗರಗಳ ಆಗಿನ ಪಟ್ಟಿಯನ್ನು ಬಳಸುವುದರಿಂದ ಗ್ರಾಮೀಣ ಭಾರತವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿ, ದೇಶದ ಪ್ರಗತಿಯನ್ನು ಕಡಿಮೆ ಅಂದಾಜು ಮಾಡುತ್ತಿವೆ ಎಂದು ವಾದಿಸಿದರು. ದೇಶದ ಮುಖ್ಯ ಅಂಕಿಅಂಶ ತಜ್ಞರಾಗಿದ್ದ ಪ್ರಣಬ್ ಸೇನ್ ಸೇರಿದಂತೆ ಹಲವರು ಇದನ್ನು ಒಪ್ಪಲಿಲ್ಲ. ಚೌಕಟ್ಟು ಹಳೆಯದಾದದ್ದು ಜನಗಣತಿ ನಡೆಯದೆ ಇದ್ದುದರಿಂದ. ಅದಕ್ಕೆ ಮದ್ದು ಜನಗಣತಿಯೇ ಹೊರತು ಸಮೀಕ್ಷೆಯನ್ನು ಬದಿಗಿಡುವುದಲ್ಲ.

ರಕ್ತಹೀನತೆಯ ವಿಷಯದಲ್ಲಿ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಐದನೇ ಸುತ್ತಿನಲ್ಲಿ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ರಕ್ತಹೀನತೆ ಶೇ 58.6ರಿಂದ 67.1ಕ್ಕೂ, 15–49 ವಯಸ್ಸಿನ ಮಹಿಳೆಯರಲ್ಲಿ 53.1ರಿಂದ 57ಕ್ಕೂ ಏರಿತ್ತು. ಕರ್ನಾಟಕದ ಮಕ್ಕಳಲ್ಲಿ 60.9ರಿಂದ 65.5ಕ್ಕೆ. ಈ ಪರೀಕ್ಷೆ ಬೆರಳ ತುದಿ ಚುಚ್ಚಿ ತೆಗೆದ ಹನಿ ರಕ್ತದಿಂದ ನಡೆಯುತ್ತದೆ. ಬೆರಳು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ದ್ರವವೂ ಸೇರಿ ಹಿಮೋಗ್ಲೋಬಿನ್ ಕಡಿಮೆ ತೋರಿಸಬಹುದು. ಅಭಿಧಮನಿಯಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಈ ಪ್ರಮಾಣ ಶೇ 41ರ ಆಸುಪಾಸಿನಲ್ಲಿತ್ತು. ವಯೋಮಾನದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಅಂತರ ಅಷ್ಟು ದೊಡ್ಡದಿರಲು ರಕ್ತ ತೆಗೆಯುವ ವಿಧಾನವೂ ಒಂದು ಕಾರಣ ಎಂದು ತಜ್ಞರು ಹೇಳುತ್ತಾ ಬಂದಿದ್ದಾರೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ 6ರಿಂದ 23 ತಿಂಗಳ ಮಕ್ಕಳಿಗೆ ರಕ್ತಹೀನತೆಯ ಗಡಿಯನ್ನು ಡೆಸಿಲೀಟರ್ ರಕ್ತಕ್ಕೆ 11 ಗ್ರಾಂ ಹಿಮೋಗ್ಲೋಬಿನ್‌ನಿಂದ 10.5 ಗ್ರಾಂಗೆ ಇಳಿಸಿತು.

ರಕ್ತ ತೆಗೆಯುವ ವಿಧಾನದ ಮೇಲಿನ ಈ ಆಕ್ಷೇಪದಿಂದಾಗಿ ಆರನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನು ಕೈಬಿಟ್ಟು, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ನೇತೃತ್ವದ ಪ್ರತ್ಯೇಕ ಸಮೀಕ್ಷೆಗೆ ವಹಿಸಲಾಯಿತು. ವೈಜ್ಞಾನಿಕವಾಗಿ ಇದಕ್ಕೆ ಸಮರ್ಥನೆ ಇದೆ. ಆದರೆ ಹಳೆಯ ವಿಧಾನ ತಪ್ಪು ತೋರಿಸುತ್ತಿದ್ದರೂ ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಒಂದೇ ರೀತಿಯ ತಪ್ಪು ತೋರಿಸುತ್ತಿತ್ತು, ಹಾಗಾಗಿ ಏರಿಳಿತವನ್ನು ಓದಲು ಸಾಧ್ಯವಿತ್ತು. ಎರಡೂ ವಿಧಾನಗಳನ್ನು ಒಂದು ಸುತ್ತಿನಲ್ಲಾದರೂ ಜೊತೆಯಾಗಿ ನಡೆಸಿದ್ದರೆ ಹಿಂದಿನ ಅಂಕಿಗಳನ್ನು ಮುಂದಿನವುಗಳಿಗೆ ಬೆಸೆಯಬಹುದಿತ್ತು. ಈಗ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಹಂಚಿದ ಕಬ್ಬಿಣಾಂಶದ ಮಾತ್ರೆಗಳು ಕೊಪ್ಪಳದ ಹುಡುಗಿಯರಲ್ಲಿ ಏನು ಬದಲಾವಣೆ ತಂದವು ಎಂದು ಹಳೆಯ ಅಂಕಿಯ ಜೊತೆ ಹೋಲಿಸಿ ಹೇಳುವ ದಾರಿ ಮುಚ್ಚಿದಂತಾಗಿದೆ.

ಇದೇ ಅವಧಿಯಲ್ಲಿ, 2023ರ ಜುಲೈನಲ್ಲಿ, ಸಮೀಕ್ಷೆಯ ಹೊಣೆ ಹೊತ್ತ ಮುಂಬೈ ಸಂಸ್ಥೆಯ ಆಗಿನ ನಿರ್ದೇಶಕ ಕೆ.ಎಸ್. ಜೇಮ್ಸ್ ಅವರನ್ನು ಅಮಾನತುಗೊಳಿಸಲಾಯಿತು. ನೇಮಕಾತಿಗೆ ಸಂಬಂಧಿಸಿದ ದೂರುಗಳೇ ಕಾರಣ ಎಂದು ಸರ್ಕಾರ ಹೇಳಿತು. ಅಹಿತಕರ ಅಂಕಿಅಂಶಗಳ ಮೇಲಿನ ಅಸಮಾಧಾನವೇ ಕಾರಣ ಎಂದು ಅನೇಕ ಸಂಶೋಧಕರು ಶಂಕಿಸಿದರು. ಶಂಕೆ ಸರಿಯೋ ತಪ್ಪೋ, ಅದು ಹುಟ್ಟಿತು ಎಂಬುದೇ ಸಮೀಕ್ಷೆಯ ವಿಶ್ವಾಸಾರ್ಹತೆಗೆ ಪೆಟ್ಟು.

ಈ ಮೂರು ಜಿಲ್ಲೆಗಳಲ್ಲಿ ಅಂಕಿ ಓದುವ ಕಷ್ಟ

ಐದನೇ ಸುತ್ತಿನ ಜಿಲ್ಲೆಗಳ ಪಟ್ಟಿ 2017ರ ಮಾರ್ಚ್ 31ರಂದು ಇದ್ದಂತೆ ಇದೆ. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಆದ್ದರಿಂದ ಆ ವರದಿಯ ‘ಬಳ್ಳಾರಿ’ಯೊಳಗೆ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಎಲ್ಲವೂ ಸೇರಿವೆ. ದಾವಣಗೆರೆ ಜಿಲ್ಲೆಯಲ್ಲಿದ್ದು 2018ರ ಬಳಿಕ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಬಂದ ಹರಪನಹಳ್ಳಿ ಆ ಪಟ್ಟಿಯ ಪ್ರಕಾರ ದಾವಣಗೆರೆಯದ್ದೇ. ಮುಂದೆ ಐದು ತಾಲ್ಲೂಕುಗಳ ಬಳ್ಳಾರಿಗೆ ಹೊಸ ಅಂಕಿ ಬಂದಾಗ ಅದನ್ನು ಹಳೆಯ ಬಳ್ಳಾರಿಯ ಅಂಕಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎಂದರೆ ಬೇರೆ ಬೇರೆ ಜನಸಮುದಾಯಗಳನ್ನು ಹೋಲಿಸಿದಂತಾಗುತ್ತದೆ. ಕೂಡ್ಲಿಗಿಯಂಥ ಒಣ ಪ್ರದೇಶ ಹೊರಗೆ ಹೋಗಿ, ಸಿರುಗುಪ್ಪ, ಕಂಪ್ಲಿಯಂಥ ಕಾಲುವೆ ನೀರಿನ ಪ್ರದೇಶದ ಪಾಲು ಹೆಚ್ಚಾದರೆ ಯಾರೂ ಏನನ್ನೂ ಮಾಡದೆಯೇ ಜಿಲ್ಲೆಯ ಸರಾಸರಿ ಬದಲಾಗಬಲ್ಲದು.

ಸರಾಸರಿಯೊಳಗೆ ಅಡಗುವ ಅಸಮಾನತೆ ಈ ಭಾಗದ ಇನ್ನೊಂದು ತೊಡಕು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರಿನ ಸ್ಥಿತಿ ಬೇರೆ. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾದ ಸ್ಥಿತಿ ಬೇರೆ. ಜಿಲ್ಲೆಗೆ ಸುಮಾರು 40 ಜಾಗಗಳಷ್ಟನ್ನೇ ಆರಿಸುವ ಸಮೀಕ್ಷೆ ತಾಲ್ಲೂಕಿನ ಅಂಕಿ ಕೊಡಲಾರದು. ಜನಪ್ರತಿನಿಧಿಗಳು ತಾಲ್ಲೂಕಿನ ಅಂಕಿ ಬೇಕೆಂದು ಕೇಳಿದಾಗ ಅಧಿಕಾರಿಗಳು ಆ್ಯಪ್ ತೆರೆದು ತೋರಿಸುವುದಕ್ಕೆ ಇದೇ ಕಾರಣ.

ಇನ್ನು ಗುಳೆ. ಬಿತ್ತನೆ, ಕೊಯ್ಲು ಮುಗಿದ ಮೇಲೆ ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬ ಊರಿನಲ್ಲಿ ಸಮೀಕ್ಷೆ ನಡೆದಾಗ ಬೀಗ ಹಾಕಿದ ಮನೆಯಾಗಿರುತ್ತದೆ. ಬೆಂಗಳೂರಿನಲ್ಲಿ ಮನೆಗಳ ಪಟ್ಟಿ ಮಾಡಿದ ದಿನ ಅವರ ತಗಡಿನ ಶೆಡ್ ಅಲ್ಲಿ ಇದ್ದಿರಲಿಕ್ಕಿಲ್ಲ. ಊರಿನ ಅಂಗನವಾಡಿಯ ದಾಖಲೆಯಲ್ಲಿ ಮಗುವಿನ ಹೆಸರಿದ್ದರೂ ಆ ತಿಂಗಳ ತೂಕವಿರುವುದಿಲ್ಲ. ಎರಡೂ ಲೆಕ್ಕಗಳಿಗೆ ತಪ್ಪಿಹೋಗುವ ಮಗು ಇದು. ಯಾವ ತಿಂಗಳಲ್ಲಿ ಕ್ಷೇತ್ರಕಾರ್ಯ ನಡೆಯಿತು ಎಂಬುದನ್ನು ಜಿಲ್ಲೆಯ ಅಂಕಿ ಓದುವ ಮೊದಲು ನೋಡಬೇಕಾದದ್ದು ಇದಕ್ಕಾಗಿ. ಕರ್ನಾಟಕದಲ್ಲಿ ಐದನೇ ಸುತ್ತು ನಡೆದದ್ದು 2019ರ ದ್ವಿತೀಯಾರ್ಧದಲ್ಲಿ, ಅಂದರೆ ಕೋವಿಡ್‌ಗೂ ಮೊದಲು. ದೇಶದ ವರದಿಯ ಮೇಲೆ ‘2019–21’ ಎಂದಿರುವುದನ್ನು ನೋಡಿ ಅದನ್ನು ಲಾಕ್‌ಡೌನ್ ನಂತರದ ಚಿತ್ರವೆಂದು ಇಲ್ಲಿ ಓದಬಾರದು.

ಅಂಕಿಯಿಂದ ಮೊಟ್ಟೆಯವರೆಗೆ

ಈ ಲೆಕ್ಕಗಳು ಕಡತದಲ್ಲಿಯೇ ಉಳಿಯುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿತು. ರಾಜ್ಯದ ಎಲ್ಲ ಜಿಲ್ಲೆಗಳನ್ನು ಬಿಟ್ಟು ಈ ಏಳನ್ನೇ ಆರಿಸಲು ಆಧಾರವಾದದ್ದು ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಮತ್ತು ರಕ್ತಹೀನತೆ ಹೆಚ್ಚು ಎಂಬ ಅಂಕಿಅಂಶ. ಕೆಲವು ಮಠಾಧೀಶರ ವಿರೋಧ ಬಂದಾಗಲೂ ಯೋಜನೆ ನಿಂತದ್ದು ಆ ಅಂಕಿಗಳ ಬಲದಿಂದ ಮತ್ತು ತಮಗೆ ಮೊಟ್ಟೆ ಬೇಕೆಂದು ಮಕ್ಕಳೇ ಹೇಳಿದ್ದರಿಂದ. ಬಳಿಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ ಬೆಳವಣಿಗೆ ಉತ್ತಮವಾದದ್ದನ್ನು ದಾಖಲಿಸಿತು; ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಕೊರತೆ ಎಲ್ಲಿದೆ ಎಂದು ಸಮೀಕ್ಷೆ ತೋರಿಸಿತು, ಮದ್ದು ಕೆಲಸ ಮಾಡಿತೇ ಎಂದು ಬೇರೊಂದು ಅಧ್ಯಯನ ಹೇಳಿತು. ಕ್ರಮ ಹೀಗಿರಬೇಕು.

ಆ ಏಳು ಜಿಲ್ಲೆಗಳಲ್ಲಿ ಸೊರಗಿದ ಮಕ್ಕಳು ಶೇ 6 ಮಾತ್ರ ಎಂಬ ಲೆಕ್ಕ ಮಾತ್ರ ಆಗ ಸರ್ಕಾರದ ಮುಂದಿದ್ದಿದ್ದರೆ ಇಂಥ ಆದೇಶ ಹೊರಡುತ್ತಿತ್ತೇ? ರಾಯಚೂರು ಮತ್ತು ಯಾದಗಿರಿ 2018ರಿಂದ, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಮಾಡಿದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಯಲ್ಲಿವೆ. ಅಲ್ಲಿ 49 ಸೂಚಕಗಳ ಪೈಕಿ ಆರೋಗ್ಯ ಮತ್ತು ಪೌಷ್ಟಿಕತೆಗೆ ಅಂಕದಲ್ಲಿ ಶೇ 30ರಷ್ಟು ಪಾಲಿದ್ದು, ತಿಂಗಳು ತಿಂಗಳ ಶ್ರೇಯಾಂಕದಲ್ಲಿ ಮೇಲೇರಿದ ಜಿಲ್ಲೆಗೆ ಮನ್ನಣೆ ಸಿಗುತ್ತದೆ. ಒಳ್ಳೆಯ ಅಂಕಿ ತೋರಿಸಿದರೆ ಶ್ರೇಯಾಂಕ ಏರುತ್ತದೆ, ನಿಜವಾದ ಅಂಕಿ ತೋರಿಸಿದರೆ, ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಚಿಕಿತ್ಸೆ ನೀಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದ ಹಾಸಿಗೆ ಹೆಚ್ಚುತ್ತದೆ. ಜಿಲ್ಲಾಡಳಿತಕ್ಕೆ ಈ ಎರಡೂ ಏಕಕಾಲಕ್ಕೆ ಬೇಕಾಗಿರುತ್ತವೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಹೋರಾಟಕ್ಕೂ ಈ ಭಾಗದ ಆರೋಗ್ಯ ಸೂಚಕಗಳು ರಾಜ್ಯದ ಸರಾಸರಿಗಿಂತ ಹಿಂದಿವೆ ಎಂಬುದೇ ಮುಖ್ಯ ಆಧಾರ.

ಸಮೀಕ್ಷೆಗೆ ಕಾಣದ್ದು

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಡ್ರಿಪ್ ಮೂಲಕ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ ಸಂದೇಹ ಬಂದು ತನಿಖೆಗಳು ನಡೆದವು. ಇಂಥ ದುರಂತವನ್ನು ಯಾವ ಮನೆಮನೆ ಸಮೀಕ್ಷೆಯೂ ಮುಂಚೆ ಕಾಣಲಾರದು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಿ ಮರಣ 69 ಎಂದು ಜನನ ಮರಣಗಳನ್ನು ದಾಖಲಿಸುವ ಮಾದರಿ ನೋಂದಣಿ ವ್ಯವಸ್ಥೆಯ 2018–20ರ ಲೆಕ್ಕ ಹೇಳಿತ್ತು. ಅಷ್ಟು ವಿರಳವಾದ ಘಟನೆಯನ್ನು ಒಂಬತ್ತು ನೂರು ಮನೆಗಳಲ್ಲಿ ಹುಡುಕಲಾಗದು. ಅದಕ್ಕೆ ಬೇಕಾದದ್ದು ಪ್ರತಿ ತಾಯಿಯ ಸಾವನ್ನೂ ಕೂಡಲೇ ಪರಿಶೀಲಿಸುವ ಆಸ್ಪತ್ರೆಯ ದಾಖಲೆ ಮತ್ತು ಔಷಧ ಪರೀಕ್ಷೆಯ ವ್ಯವಸ್ಥೆ. ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ ಎಂಬ ಕರ್ನಾಟಕದ ಐದನೇ ಸುತ್ತಿನ ಅಂಕಿ ನಿಜವಾದರೂ, ಆ ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂಬುದು ಆ ಅಂಕಿಯ ಹೊರಗಿನ ವಿಷಯ.

ಮುಂದೆ ಆಗಬಹುದಾದದ್ದು

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿ ಮುಗಿದರೆ, ಹದಿನಾರು ವರ್ಷ ಹಳೆಯ ಪಟ್ಟಿಯಿಂದ ಹಳ್ಳಿ ಆರಿಸುವ ತೊಂದರೆ ತಪ್ಪುತ್ತದೆ. ತೋರಣಗಲ್ಲಿನಂಥ ಕೈಗಾರಿಕಾ ಜಾಗಗಳಲ್ಲಿ, ಹೊಸಪೇಟೆ, ಗಂಗಾವತಿ, ಸಿಂಧನೂರಿನ ಹೊರವಲಯದಲ್ಲಿ 2011ರ ನಂತರ ಎದ್ದ ಬಡಾವಣೆಗಳು ಸರಿಯಾದ ಪ್ರಮಾಣದಲ್ಲಿ ಸಮೀಕ್ಷೆಯೊಳಗೆ ಬರುತ್ತವೆ. ವಿಜಯನಗರ ಜಿಲ್ಲೆಗೆ ತನ್ನದೇ ಗಣತಿಯ ಬುನಾದಿ ಸಿಗುತ್ತದೆ.

ಜನರ ಬೇಸರ ಮಾತ್ರ ಹೆಚ್ಚುವ ಸಾಧ್ಯತೆಯಿದೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು 60 ಪ್ರಶ್ನೆ ಹಿಡಿದು ಮನೆಮನೆಗೆ ಬಂದರು. ಅದರ ಬೆನ್ನಿಗೇ ಜನಗಣತಿಯ ಮನೆಪಟ್ಟಿ, ನಡುವೆ ಆಶಾ ಕಾರ್ಯಕರ್ತೆಯರ ಸಮೀಕ್ಷೆಗಳು. ಮೊದಲನೆಯದರಲ್ಲಿ ಪಾಲ್ಗೊಳ್ಳುವುದು ಸ್ವಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟ್ ಸ್ಪಷ್ಟಪಡಿಸಿತು. ಕುಟುಂಬ ಆರೋಗ್ಯ ಸಮೀಕ್ಷೆಯೂ ಒಪ್ಪಿಗೆ ಇದ್ದರೆ ಮಾತ್ರ. ಜನಗಣತಿಗೆ ಉತ್ತರಿಸುವುದು 1948ರ ಕಾಯ್ದೆಯಂತೆ ಕಡ್ಡಾಯ. ಈ ವ್ಯತ್ಯಾಸವನ್ನು ಜನರಿಗೆ ತಿಳಿಸದೆ ಬಾಗಿಲು ಬಡಿದರೆ ಮೂರಕ್ಕೂ ಒಂದೇ ರೀತಿಯ ಅನುಮಾನ ಎದುರಾಗುತ್ತದೆ. ಬಡವರ ಮನೆಗಳು ರೇಷನ್ ಕಾರ್ಡ್ ರದ್ದಾದೀತು ಎಂಬ ಭಯಕ್ಕೆ ತಪ್ಪು ಹೇಳಿದರೆ, ಅನುಕೂಲಸ್ಥರು ಬಾಗಿಲನ್ನೇ ತೆರೆಯದಿದ್ದರೆ, ಎಷ್ಟು ಚೆನ್ನಾಗಿ ಆರಿಸಿದ ಮಾದರಿಯೂ ಹಾಳಾಗುತ್ತದೆ.

ಇನ್ನು 19 ಮತ್ತು 6ರ ಪ್ರಶ್ನೆ. ಅದನ್ನು ಬಿಡಿಸಲು ಮುಂದಿನ ರಾಷ್ಟ್ರೀಯ ಸಮೀಕ್ಷೆಯವರೆಗೆ ಕಾಯಬೇಕಾಗಿಲ್ಲ. ಪ್ರತಿ ಜಿಲ್ಲೆಯಲ್ಲಿ ಚೀಟಿ ಎತ್ತಿ ಆರಿಸಿದ ಕೆಲವು ಅಂಗನವಾಡಿಗಳ ಮಕ್ಕಳನ್ನು, ಕಾರ್ಯಕರ್ತೆ ಅಳೆದ ಅದೇ ವಾರ, ಬೇರೆ ಇಲಾಖೆಯ ಅಥವಾ ವೈದ್ಯಕೀಯ ಕಾಲೇಜಿನ ತಂಡ ಪರೀಕ್ಷಿಸಿದ ತಕ್ಕಡಿಯಲ್ಲಿ ಮತ್ತೆ ತೂಗಿದರೆ ಎರಡು ಅಳತೆಗಳ ಅಂತರ ತಿಳಿಯುತ್ತದೆ. ಅದೇ ಹಳ್ಳಿಯ ಮನೆಗಳನ್ನು ಸುತ್ತಿ ದಾಖಲೆಯಲ್ಲಿ ಹೆಸರಿಲ್ಲದ ಮಕ್ಕಳನ್ನು ಹುಡುಕಿ ತೂಗಿದರೆ, ತಪ್ಪಿಹೋದವರ ಸ್ಥಿತಿ ತಿಳಿಯುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳೂ ಇವೆ. ವರ್ಷಕ್ಕೆ ಎರಡು ಬಾರಿ, ಗುಳೆ ಹೋಗುವ ಮೊದಲೊಮ್ಮೆ ಮತ್ತು ಮರಳಿದ ಮೇಲೊಮ್ಮೆ, ಈ ಕೆಲಸ ನಡೆದರೆ ಕೆಡಿಪಿ ಸಭೆಯಲ್ಲಿ ಆ್ಯಪ್‌ನ ಅಂಕಿಯ ಪಕ್ಕದಲ್ಲಿ ಅದು ಎಷ್ಟರಮಟ್ಟಿಗೆ ನಂಬಬಹುದಾದ ಅಂಕಿ ಎಂಬುದನ್ನೂ ಬರೆಯಬಹುದು. ಆದರೆ ಅಂತರ ಕಂಡುಬಂದ ಕೇಂದ್ರದ ಕಾರ್ಯಕರ್ತೆಗೆ ನೋಟಿಸ್ ಕೊಡುವುದಿಲ್ಲ ಎಂದು ಜಿಲ್ಲಾ ಪಂಚಾಯಿತಿ ಮೊದಲೇ ಲಿಖಿತವಾಗಿ ಹೇಳಬೇಕು. ಹೇಳದಿದ್ದರೆ ಮರುತೂಕದ ದಿನ ಸೊರಗಿದ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ತಾಯಿಗೆ ಹೇಳಿ ಕಳುಹಿಸುವ ಪರಿಸ್ಥಿತಿ ಬಂದೀತು.